ಕಾಗದ ಕೇಳುವ ಬ್ರೋಕರ್ ಬೇಕು

ಬೆಂಗಳೂರಿನ ರಾಜಾಜಿನಗರ, ಜಯನಗರದಂಥ ಹಳೆಯ ಬಡಾವಣೆಗಳಲ್ಲಿ ಮನೆ ಮಾರುವ ಯೋಚನೆ ಇದೆಯೆಂದು ಒಬ್ಬರ ಕಿವಿಗೆ ಬಿದ್ದರೂ ಸಾಕು, ವಾರದೊಳಗೆ ನಾಲ್ಕಾರು ಬ್ರೋಕರ್‌ಗಳು ಗೇಟಿನ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರದೂ ಒಂದೊಂದು ರೇಟು. ಹೆಚ್ಚು ಹೇಳಿದವರ ಕಡೆಗೆ ಮನಸ್ಸು ವಾಲುವುದು ಸಹಜ. ಆದರೆ ಮಕ್ಕಳು ಹೊರದೇಶದಲ್ಲಿದ್ದು, ಇದೊಂದು ಮನೆಯನ್ನೇ ಮುಪ್ಪಿನ ಆಸರೆಯಾಗಿ ನೆಚ್ಚಿಕೊಂಡ ದಂಪತಿ ಇಲ್ಲಿ ಎಡವಿದರೆ ಚೇತರಿಸಿಕೊಳ್ಳುವುದು ಬಹಳ ಕಷ್ಟ. ಮೊದಲ ಭೇಟಿಯಲ್ಲೇ ದೊಡ್ಡ ಬೆಲೆ ಹೇಳುವವರಿಗಿಂತ, ಕಾಗದಪತ್ರ ತೋರಿಸಿ ಎನ್ನುವವರೇ ಮೇಲು ಎಂಬುದು ನನ್ನ ಗಟ್ಟಿ ನಂಬಿಕೆ.

ಕೆಲಸ ಬಲ್ಲ ಬ್ರೋಕರ್ ಕೇಳುವ ಪ್ರಶ್ನೆಗಳೇ ಬೇರೆ. ಸೈಟು ಬಿಡಿಎ ಹಂಚಿದ್ದೋ, ಸೊಸೈಟಿಯದೋ, ರೆವಿನ್ಯೂ ಜಾಗವೋ? ಇ-ಖಾತಾ ಆಗಿದೆಯೇ? ಎ ಖಾತೆಯೋ, ಬಿ ಖಾತೆಯೋ? 2024ರಲ್ಲಿ ಬಂದ ನಿಯಮದಂತೆ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ; ಹೆಸರಿನಲ್ಲೋ ಅಳತೆಯಲ್ಲೋ ವ್ಯತ್ಯಾಸವಿದ್ದರೆ ಅದನ್ನು ಸರಿಮಾಡಿಸಲೇ ದಿನಗಳು ಹಿಡಿಯುತ್ತವೆ. ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಬ್ಯಾಂಕಿನ ಅಡಮಾನ ಋಣಭಾರ ಪತ್ರದಲ್ಲಿ (ಇಸಿ) ಹಾಗೆಯೇ ಉಳಿದಿರಬಹುದು. ಎಲ್ಲಕ್ಕಿಂತ ಮುಖ್ಯ, ಅವರು ಕೇಳಬೇಕಾದ ಇನ್ನೊಂದು ಪ್ರಶ್ನೆ: ‘ನಿಮಗೆ ಅಕ್ಕತಂಗಿಯರು ಎಷ್ಟು ಜನ?’ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಪಾಲುಂಟು. ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಮದುವೆಯಾಗಿ ದೂರದ ಊರಿನಲ್ಲಿರುವ ಅಕ್ಕನ ಸಹಿ ಬೇಕೆಂಬುದು ಕೊಳ್ಳುವವರ ವಕೀಲರು ಹೇಳಿದ ಮೇಲೆ ಗೊತ್ತಾದರೆ, ಆ ಹೊತ್ತಿಗೆ ಅಡ್ವಾನ್ಸ್ ಪಡೆದಾಗಿರುತ್ತದೆ.

ಇನ್ನು ಕಮಿಷನ್ನು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಶೇ 1ರಿಂದ 2. ಒಂದು ಕೋಟಿಯ ಮನೆಗೆ ಶೇ 1ರಂತೆ ಒಂದು ಲಕ್ಷ. ಇನ್ನೆರಡು ತಿಂಗಳು ಕಾದು, ಹತ್ತು ಪಾರ್ಟಿ ಕರೆತಂದು ಬ್ರೋಕರ್ ಐದು ಲಕ್ಷ ಹೆಚ್ಚು ಕೊಡಿಸಿದರೂ ಅವರಿಗೆ ಸಿಗುವುದು ಬರೀ 5,000 ರೂಪಾಯಿ. ‘ಮಾರ್ಕೆಟ್ ಡಲ್ಲಾಗಿದೆ, ಬಂದ ಪಾರ್ಟಿ ಬಿಡಬೇಡಿ ಸಾರ್’ ಎಂಬ ಮಾತು ಬೇಗ ಬರುವುದಕ್ಕೆ ಈ ಲೆಕ್ಕವೂ ಒಂದು ಕಾರಣ. ಹಾಗಾಗಿ ಬೆಲೆಯನ್ನು ಅವರ ಬಾಯಿಂದಷ್ಟೇ ಕೇಳಬೇಡಿ. ಸರ್ಕಾರದ ಮಾರ್ಗಸೂಚಿ ದರ ಒಂದು ತಳಮಟ್ಟ ತೋರಿಸುತ್ತದೆ, ಅಷ್ಟೆ. ನಿಮ್ಮ ರಸ್ತೆಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳು ಎಷ್ಟಕ್ಕೆ ಹೋದವು ಎಂದು ಮೂವರು ಬ್ರೋಕರ್‌ಗಳನ್ನು ಬೇರೆಬೇರೆಯಾಗಿ ಕೇಳಿ. ಕಾರಣ ಸಮೇತ ಹೇಳುವವರು ಯಾರೆಂದು ಅಲ್ಲೇ ತಿಳಿಯುತ್ತದೆ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಇನ್ನೊಂದು ಪದ್ಧತಿ. ‘ನಿಮಗೆ ಕೈಗೆ ಎಷ್ಟು ಬರಬೇಕು ಹೇಳಿ, ಮೇಲಿನದು ನನಗೆ’ ಎನ್ನುತ್ತಾರೆ. ಕಮಿಷನ್ ಉಳಿಯಿತೆಂದು ಮನೆಯವರು ಒಪ್ಪಿಬಿಡುತ್ತಾರೆ. ಮುಂದಿನ ಹೆಜ್ಜೆಯಾಗಿ ಬ್ರೋಕರ್ ಸಣ್ಣ ಮೊತ್ತ ಕೊಟ್ಟು ತನ್ನ ಹೆಸರಿಗೋ, ಪರಿಚಯದವರ ಹೆಸರಿಗೋ ಕ್ರಯದ ಅಗ್ರಿಮೆಂಟ್ ಬರೆಸಿಕೊಳ್ಳುತ್ತಾರೆ. ಅಲ್ಲಿಂದ ಮನೆ ನಿಮ್ಮದೇ ಆದರೂ ಅದನ್ನು ಮಾರುವ ಸ್ವಾತಂತ್ರ್ಯ ನಿಮ್ಮದಲ್ಲ. ಹೆಚ್ಚು ಕೊಡುವ ಗಿರಾಕಿ ಸಿಗುವ ತನಕ ಅವರು ಕಾಯುತ್ತಾರೆ; ನೀವೇ ಬೇರೆಯವರಿಗೆ ಮಾರಲು ಹೋದರೆ ಅಗ್ರಿಮೆಂಟಿನಂತೆ ಕ್ರಯ ಮಾಡಿಕೊಡಿ ಎಂದು ಕೋರ್ಟಿಗೆ ಹೋಗಬಲ್ಲರು. ದಾವೆ ಹೂಡಲು ಮೂರು ವರ್ಷದ ಕಾಲಾವಕಾಶವಿದೆ. ದಾವೆಯಲ್ಲಿರುವ ಮನೆಯನ್ನು ಯಾರು ತಾನೇ ಕೊಳ್ಳುತ್ತಾರೆ? ಓಡಾಟ ತಪ್ಪುತ್ತದೆಂದು ಬ್ರೋಕರ್‌ಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಡುವುದಂತೂ ಬೇಡವೇ ಬೇಡ. ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ನಿಜ. ಆದರೆ ಆ ಪತ್ರ ಕೈಯಲ್ಲಿದ್ದವರು ನಿಮ್ಮ ಪರವಾಗಿ ಸಹಿ ಹಾಕಬಲ್ಲರು. ಮಕ್ಕಳಿಗೋ ನಂಬಿಕಸ್ತ ಬಂಧುವಿಗೋ ಕೊಡಬೇಕಾದ ಅಧಿಕಾರ ಅದು.

ರೇರಾ ನೋಂದಣಿ ಇದೆಯೇ ಎಂದೂ ಕೇಳಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಡಿ, ರೇರಾದಲ್ಲಿ ನೋಂದಾಯಿತ ಯೋಜನೆಗಳ ಫ್ಲ್ಯಾಟು, ಸೈಟು ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ. ಹಳೆಯ ಒಂಟಿ ಮನೆ ಮಾರಿಸುವವರಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ನಂಬರ್ ಇಲ್ಲದ ಮಾತ್ರಕ್ಕೆ ಬೀದಿಯ ಕೊನೆಯ ಹಿರಿಯ ಬ್ರೋಕರನ್ನು ತಳ್ಳಿಹಾಕಬೇಕಿಲ್ಲ. ನಂಬರ್ ಇದೆ ಎಂದವರ ಹೆಸರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ ನೋಡಿ.

ಆಯ್ಕೆಯಾದ ಮೇಲೆ, ಪರಿಚಯ ಎಷ್ಟೇ ಹಳೆಯದಾಗಿದ್ದರೂ, ಒಂದು ಪುಟದ ಕರಾರು ಬರೆಸಿ: ಕಮಿಷನ್ ಎಷ್ಟು, ಜಿಎಸ್‌ಟಿ ಸೇರಿಯೋ ಬೇರೆಯೋ, ಅವರೊಬ್ಬರಿಗೇ ಎಷ್ಟು ತಿಂಗಳ ಅವಕಾಶ, ಕೊಳ್ಳುವವರಿಂದಲೂ ಕಮಿಷನ್ ಪಡೆಯುತ್ತಾರೆಯೇ. ನಿಮ್ಮ ಪರ ಕೆಲಸ ಮಾಡುವ ಏಜೆಂಟ್ ನಿಮಗೆ ತಿಳಿಸದೆ ಆ ವ್ಯವಹಾರವನ್ನು ತನ್ನ ಸ್ವಂತಕ್ಕೆ ನಡೆಸಿದರೆ, ಅದರಿಂದ ಬಂದ ಲಾಭವನ್ನು ಕೇಳುವ ಹಕ್ಕು 1872ರ ಕರಾರು ಕಾಯ್ದೆಯಲ್ಲೇ ನಿಮಗಿದೆ. ಅವರು ನಿಮ್ಮ ಏಜೆಂಟ್ ಎಂಬುದಕ್ಕೆ ಬರಹ ಇಲ್ಲದಿದ್ದರೆ ಅದನ್ನು ಸಾಧಿಸುವುದು ಹೇಗೆ?

ಮೂಲ ಪತ್ರಗಳನ್ನು ಕೈಬಿಡಬೇಡಿ, ಜೆರಾಕ್ಸ್ ಸಾಕು. ಟೋಕನ್ನಿನಿಂದ ಹಿಡಿದು ಪೂರ್ತಿ ಹಣ ಕೊಳ್ಳುವವರ ಖಾತೆಯಿಂದ ನಿಮ್ಮ ಖಾತೆಗೆ ನೇರವಾಗಿ ಬರಲಿ. ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಮಿಷನ್ನನ್ನು ರಿಜಿಸ್ಟ್ರೇಷನ್ ದಿನ ಚೆಕ್ಕಿನಲ್ಲೇ ಕೊಟ್ಟು ರಸೀದಿ ಪಡೆಯಿರಿ. ಬಂಡವಾಳ ಲಾಭದ ತೆರಿಗೆ ಲೆಕ್ಕ ಹಾಕುವಾಗ ಆ ಮೊತ್ತವನ್ನು ಮಾರಾಟದ ಖರ್ಚಾಗಿ ಕಳೆಯಬಹುದು.