ರಾಸಾಯನಿಕ ಸೂತ್ರವೂ ಕನ್ನಡ ಲಿಪಿಯೂ

ರಸಾಯನಶಾಸ್ತ್ರದ ಪರಿಭಾಷೆ ಎರಡು ಬಗೆಯದು: ಬಾಯಲ್ಲಿ ಆಡುವ ಹೆಸರು ಒಂದು, ಕಾಗದದ ಮೇಲೆ ಬರೆಯುವ ಸೂತ್ರ ಇನ್ನೊಂದು. ಇವೆರಡರ ಸಂಬಂಧವನ್ನು ಅರಿಯುವುದು ಪರೀಕ್ಷೆಗಷ್ಟೇ ಬೇಕಾದ ವಿದ್ಯೆಯಲ್ಲ. ಥಾಣೆಯ ಖಾಡಿಯ ಪೂರ್ವದಂಡೆಯಲ್ಲಿರುವ ಕಳವಾದಿಂದ ದಕ್ಷಿಣಕ್ಕೆ ಬೇಲಾಪುರದ ಕಡೆಗೆ ಹಬ್ಬಿದ ಕೈಗಾರಿಕಾ ಪ್ರದೇಶವು 1960ರ ದಶಕದಿಂದ ರಾಸಾಯನಿಕ ಕಾರ್ಖಾನೆಗಳಿಗೆ ನೆಲೆಯಾಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೀಪಾಯಿಯ ಮೇಲೆ ಇಂಗ್ಲಿಷ್ ಕಾಣುವ ಕನ್ನಡಿಗನಿಗೆ ಇಂಥ ಕಡೆ ಹೆಸರಿನ ನಿಷ್ಕೃಷ್ಟತೆ ನಿತ್ಯದ ಅಗತ್ಯವಾಗಿದೆ.

ಮೂಲವಸ್ತುವಿನ ಹೆಸರು ಕೇವಲ ಗುರುತು. ‘ಆಮ್ಲಜನಕ’ ಎಂಬ ಮಾತು ಫ್ರೆಂಚ್ ವಿಜ್ಞಾನಿ ಲವಾಸಿಯೇ ಇಟ್ಟ ಹೆಸರಿನ ಅನುವಾದ. ಆಮ್ಲಗಳೆಲ್ಲವೂ ಈ ಅನಿಲದಿಂದಲೇ ಹುಟ್ಟುತ್ತವೆಂದು ಅವನು ಭಾವಿಸಿದ್ದನು. ಕ್ಲೋರಿನ್ ಒಂದು ಮೂಲವಸ್ತುವೆಂದು 1810ರಲ್ಲಿ ಹಂಫ್ರಿ ಡೇವಿ ಸಾರಿದ ಮೇಲೆ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ತಿಳಿದುಬಂದಿತು. ಕಲ್ಪನೆ ಬಿದ್ದುಹೋದರೂ ಹೆಸರು ಉಳಿಯಿತು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ.

ಸಂಯುಕ್ತ ವಸ್ತುವಿನ ಹೆಸರು ಹಾಗಲ್ಲ. ಒಂದು ವಸ್ತುವಿನಲ್ಲಿ ಏನೇನು ಸೇರಿದೆಯೆಂಬುದನ್ನು ಅದರ ಹೆಸರೇ ಹೇಳಬೇಕೆಂಬ ನಿಯಮವನ್ನು ಲವಾಸಿಯೇ ಮತ್ತು ಅವನ ಸಂಗಡಿಗರು 1787ರಲ್ಲಿ ರೂಪಿಸಿದರು. ಎಷ್ಟೆಷ್ಟು ಸೇರಿದೆಯೆಂಬುದನ್ನು ಸೂತ್ರವು ಹೇಳುತ್ತದೆ. ಸ್ವೀಡನ್ನಿನ ಬರ್ಸೀಲಿಯಸ್ 1813ರ ಸುಮಾರಿಗೆ ಪ್ರತಿ ಮೂಲವಸ್ತುವಿಗೂ ಒಂದೆರಡು ರೋಮನ್ ಅಕ್ಷರಗಳ ಸಂಕೇತವನ್ನು ಗೊತ್ತುಮಾಡಿದನು. ಪರಮಾಣುಗಳ ಸಂಖ್ಯೆಯನ್ನು ಸಂಕೇತದ ಬಲಕ್ಕೆ, ಕೆಳಗೆ ಬರೆಯುವುದು ಈಗಿನ ರೂಢಿ. ಸಂಖ್ಯೆಯನ್ನು ನಿರ್ಣಯಿಸುವುದು ಸಂಯೋಗಸಾಮರ್ಥ್ಯ. ಅಲ್ಯೂಮಿನಿಯಮ್ಮಿನದು 3, ಆಮ್ಲಜನಕದ್ದು 2. ಇವೆರಡೂ ಸರಿದೂಗಬೇಕಾದರೆ ಅಲ್ಯೂಮಿನಿಯಮ್ಮಿನ 2 ಪರಮಾಣುಗಳಿಗೆ ಆಮ್ಲಜನಕದ 3 ಪರಮಾಣುಗಳು ಬೇಕು. ಎರಡು ಕಡೆಯೂ ಮೊತ್ತ 6 ಆಗುತ್ತದೆ. ಇದೇ ಅಲ್ಯೂಮಿನಿಯಂ ಆಕ್ಸೈಡಿನ ಸೂತ್ರ.

ಈ ಸೂತ್ರಗಳನ್ನೂ ಕನ್ನಡ ಅಕ್ಷರಗಳಲ್ಲಿಯೇ ಬರೆಯಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವು ಲಿಪಿಯ ಸ್ವಭಾವದಲ್ಲಿದೆ. ರೋಮನ್ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವುಂಟು. ದೊಡ್ಡ ‘ಸಿ’ಯ ಪಕ್ಕದಲ್ಲಿ ಸಣ್ಣ ‘ಒ’ ಬರೆದರೆ ಅದು ಕೋಬಾಲ್ಟ್ ಎಂಬ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಅದೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಕನ್ನಡದಲ್ಲಾಗಲಿ, ಮರಾಠಿ ಬರೆಯುವ ನಾಗರಿಯಲ್ಲಾಗಲಿ ಈ ಭೇದವಿಲ್ಲ. ‘ಸಿಒ’ ಎಂದು ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ. ಆದುದರಿಂದ ಸೂತ್ರವನ್ನು ಅಂಕಿಗಳಂತೆ ಎಲ್ಲ ಭಾಷೆಗಳಿಗೂ ಸಮಾನವಾದ ಬರಹವೆಂದು ಎಣಿಸಿ ಇದ್ದಂತೆಯೇ ಉಳಿಸಿಕೊಳ್ಳುವುದು ಲೇಸು.

ಹೆಸರನ್ನಾದರೋ ಕನ್ನಡ ಲಿಪಿಯಲ್ಲಿ ಧಾರಾಳವಾಗಿ ಬರೆಯಬಹುದು. ಆದರೆ ಅದರ ಕೊನೆಯ ಅಕ್ಷರಗಳ ಮೇಲೆ ಕಣ್ಣಿರಬೇಕು. ಸೋಡಿಯಂ ಸಲ್ಫೈಡ್, ಸೋಡಿಯಂ ಸಲ್ಫೈಟ್, ಸೋಡಿಯಂ ಸಲ್ಫೇಟ್ ಎಂಬ ಮೂರು ಹೆಸರುಗಳಿಗೆ ಒಂದು ವ್ಯಂಜನದ ಅಥವಾ ಒಂದು ಗುಣಿತದ ಅಂತರ ಮಾತ್ರ. ಮೊದಲನೆಯದರಲ್ಲಿ ಆಮ್ಲಜನಕವಿಲ್ಲ, ಎರಡನೆಯದರಲ್ಲಿ ಗಂಧಕದ ಒಂದು ಪರಮಾಣುವಿಗೆ ಆಮ್ಲಜನಕದ 3, ಮೂರನೆಯದರಲ್ಲಿ 4 ಪರಮಾಣುಗಳಿವೆ. ಸಾಮಾನ್ಯವಾದ ಸಾರಗುಂದಿದ ಆಮ್ಲ ತಗಲಿದರೆ ಮೊದಲನೆಯದರಿಂದ ಪ್ರಾಣಕ್ಕೇ ಎರವಾಗಬಲ್ಲ ಹೈಡ್ರೊಜನ್ ಸಲ್ಫೈಡೂ, ಎರಡನೆಯದರಿಂದ ಉಸಿರು ಕಟ್ಟಿಸುವ ಸಲ್ಫರ್ ಡೈಆಕ್ಸೈಡೂ ಹೊರಡುತ್ತವೆ. ಮೂರನೆಯದರಿಂದ ಯಾವ ಅನಿಲವೂ ಹೊರಡದು. ಪುಸ್ತಕದಲ್ಲಿ ಕಾಗುಣಿತದ ತಪ್ಪಾಗಿ ಕಾಣುವುದು ಉಗ್ರಾಣದಲ್ಲಿ ಅನಾಹುತಕ್ಕೆ ಕಾರಣವಾಗಬಹುದು.

ಅಪಾಯಕರ ವಸ್ತುಗಳನ್ನು ಸಾಗಿಸುವ ಟ್ಯಾಂಕರುಗಳ ಫಲಕದ ಮೇಲೆ ಹೆಸರಿನೊಡನೆ ಅಂತರರಾಷ್ಟ್ರೀಯ ಸಂಖ್ಯೆಯೊಂದನ್ನೂ ಬರೆಯುವುದು ಇದೇ ಕಾರಣದಿಂದ. ಗಂಧಕಾಮ್ಲಕ್ಕೆ 1830, ಕ್ಲೋರಿನ್ನಿಗೆ 1017. ಭಾಷೆ ತಿಳಿಯದವನಿಗೂ ವಸ್ತು ಯಾವುದೆಂಬುದು ತಿಳಿಯಬೇಕು.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಪ್ರಯತ್ನ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ವಿವರಣೆ ತಾಯ್ನುಡಿಯಲ್ಲಿರಲಿ, ಹೆಸರು ಕನ್ನಡ ಲಿಪಿಯಲ್ಲಿ ತಪ್ಪಿಲ್ಲದೆ ಇರಲಿ, ಪಕ್ಕದಲ್ಲಿಯೇ ಸೂತ್ರವು ಲೋಕರೂಢಿಯಂತೆ ಇರಲಿ. ಈ ಮೂರೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಹೆಸರಿನಲ್ಲಿ ನುಸುಳಿದ ತಪ್ಪನ್ನು ಸೂತ್ರವೇ ತೋರಿಸಿಕೊಡುತ್ತದೆ.