ಲೆಕ್ಕದ ತಂತ್ರಾಂಶಕ್ಕೆ ಮೂರು ಹಂತಗಳೇಕೆ?

2022ರ ಜುಲೈ 18ರಿಂದ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಬೆಲ್ಲಕ್ಕೆ ಶೇ. 5ರ ಜಿಎಸ್‌ಟಿ ಅನ್ವಯವಾಯಿತು. ಬಿಡಿ ಬೆಲ್ಲಕ್ಕೆ ತೆರಿಗೆಯಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ ಸೀಮೆಯ ಬೆಲ್ಲದ ವರ್ತಕರಲ್ಲಿ ಈ ನಿಯಮವು ಪ್ರತಿ ಗಣಕದಲ್ಲೂ ಪ್ರತ್ಯೇಕವಾಗಿ ಅಡಕವಾಗಿದ್ದರೆ, ಒಂದನ್ನು ತಿದ್ದಲು ಮರೆತರೂ ಬಿಲ್ಲು ತಪ್ಪುತ್ತದೆ. ಬಾಕಿ ತೆರಿಗೆಯೊಡನೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತದೆ.

ಬಹುಹಂತದ ವ್ಯವಸ್ಥೆಯಲ್ಲಿ ಬಿಲ್ಲಿನ ಪರದೆ, ವ್ಯವಹಾರದ ನಿಯಮ, ದತ್ತಾಂಶದ ಕೋಶ ಬೇರೆ ಬೇರೆಯಾಗಿರುತ್ತವೆ. ದರ ಬದಲಾದಾಗ ನಡುವಣ ಹಂತವನ್ನು ಒಮ್ಮೆ ತಿದ್ದಿದರೆ ಸಾಕು. ಮಂಡಿ, ಗೋದಾಮು, ಕಛೇರಿ ಮೂರೂ ಅದನ್ನೇ ಅನುಸರಿಸುತ್ತವೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಾಖಲಿಸುವುದು ಕಡ್ಡಾಯ. ಅದಕ್ಕೂ ಇದು ಅನುಕೂಲ. ಆದರೆ ಸರ್ವರ್ ನಿಂತರೆ ಎಲ್ಲವೂ ನಿಲ್ಲುತ್ತದೆ. ಒಂದೇ ಗಣಕದ ಅಂಗಡಿಗೆ ಈ ಖರ್ಚು ಅನಗತ್ಯ. ಎರಡು ಮೂರು ಶಾಖೆಗಳುಳ್ಳವರು ಯೋಚಿಸುವುದು ಒಳಿತು.