ಕೊಳಕ್ಕೆ ಮರೆ, ನೀರಿಗೆ ಕಸವಿಲ್ಲ

ಬೆಳಗಿನ ಹೊತ್ತು ಈಜುಕೊಳದ ನೀರಿನ ಮೇಲೆ ಕಾಗದದ ಹೂವಿನ ಗುಲಾಬಿ ದಳಗಳು ತೇಲುತ್ತಿದ್ದರೆ ಕಣ್ಣಿಗೆ ಹಬ್ಬ. ಕಷ್ಟ ಗೊತ್ತಿರುವುದು ದಿನವೂ ಬಲೆ ಹಿಡಿದು ಅವನ್ನು ಬಾಚುವವರಿಗೆ. ನೀರಲ್ಲಿ ಕೊಳೆಯುವ ಎಲೆ-ಹೂವು ಕ್ಲೋರಿನ್ ಅನ್ನು ತಿಂದುಹಾಕುತ್ತದೆ, ಫಿಲ್ಟರಿನ ಬುಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಟೈಲ್ಸ್ ಮೇಲೆ ಕಂದು ಕಲೆ ಬಿಡುತ್ತದೆ.

ಕರಾವಳಿಯಲ್ಲಿ ಕೊಳದ ಸುತ್ತ ಮರೆಗೆಂದು ಗಿಡ ನೆಡುವಾಗ ಮೊದಲು ನೆನಪಾಗುವುದು ಬಿದಿರು. ಆದರೆ ಅದರ ತೆಳ್ಳನೆಯ ಎಲೆ ವರ್ಷವಿಡೀ ಉದುರುತ್ತದೆ. ಕಂಬದಂತೆ ನೆಟ್ಟಗೆ ಬೆಳೆಯುವ ಅಶೋಕವೂ ಬೇಡ. ಹಣ್ಣಿನ ಕಾಲದಲ್ಲಿ ಬಾವಲಿಗಳು ಬಂದು ಬೀಜ ಉದುರಿಸುತ್ತವೆ. ಕಣಗಿಲೆಯ ಪ್ರತಿ ಭಾಗವೂ ವಿಷ, ಮಕ್ಕಳು ಆಡುವ ಜಾಗಕ್ಕೆ ಅದು ಸಲ್ಲದು.

ಹಾಗಾದರೆ ಯಾವುದು?

ಅರೆಕಾ ಪಾಮ್. ನೋಡಲು ಅಡಿಕೆಯ ತಂಗಿಯಂತಿದ್ದರೂ ಅದರ ತವರು ಮಡಗಾಸ್ಕರ್. ಬುಡದಿಂದಲೇ ಹತ್ತಾರು ಕಾಂಡ ಒಡೆದು ಗುಂಪಾಗಿ ಬೆಳೆಯುವುದರಿಂದ, ಒಂದು ಮೀಟರ್ ಅಂತರದಲ್ಲಿ ನೆಟ್ಟರೆ ಹಸಿರು ಗೋಡೆಯೇ ಏಳುತ್ತದೆ. ಸಣ್ಣ ಎಲೆಗಳ ಸುರಿಮಳೆಯಿಲ್ಲ. ಹಣ್ಣಾದ ಗರಿ ಹಳದಿಯಾಗಿ ಬಾಗಿದಾಗ ಕತ್ತರಿಸಿದರಾಯಿತು. ಹೂಗೊಂಚಲನ್ನು ಎಳೆಯದಾಗಿರುವಾಗಲೇ ತೆಗೆದುಬಿಟ್ಟರೆ ಕಾಯಿಯ ಕಾಟವೂ ಇಲ್ಲ. ಬಿಸಿಲು ಕಡಿಮೆಯಿರುವ ಮೂಲೆಗೆ ಬೀಸಣಿಗೆಯೆಲೆಯ ರಾಪಿಸ್ ಪಾಮ್ ಒಳ್ಳೆಯದು. ನಿಧಾನ ಬೆಳೆದರೂ ಎರಡು-ಮೂರು ಮೀಟರ್ ಎತ್ತರದ ದಟ್ಟ ಮರೆ ಕೊಡುತ್ತದೆ.

ಗಾಳಿಯ ದಿಕ್ಕನ್ನೂ ನೋಡಬೇಕು. ಕರಾವಳಿಯಲ್ಲಿ ಮಳೆಗಾಲದ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಪಾರಿಜಾತವೋ ಸಂಪಿಗೆಯೋ ಇಲ್ಲದ ಅಂಗಳ ಬರಿದೆನಿಸುವವರು ಅದನ್ನು ಕೊಳದ ಪೂರ್ವಕ್ಕೆ, ನಾಲ್ಕಾರು ಮೀಟರ್ ದೂರದಲ್ಲಿ ನೆಟ್ಟರೆ ಹೂವು ನೀರಿಗೆ ಬೀಳದೆ ಮಣ್ಣಿಗೆ ಬೀಳುತ್ತದೆ.